ಕಿಲ್ಲಾರಿಯ ನಂತರದ ಊರುಗಳು: ಗೋಡೆ, ಭಯ ಮತ್ತು ಪುನರ್ವಸತಿ

ಕವಿತೆ, ಕಾದಂಬರಿ, ನಾಟಕ, ಸಿನೆಮಾಗಳನ್ನು ವಿಮರ್ಶಿಸುವ ಪರಿಪಾಠ ನಮ್ಮಲ್ಲಿದೆ. ಒಂದು ಇಡೀ ಊರನ್ನು ಹೊಸದಾಗಿ ಕಟ್ಟಿದಾಗ ಅದನ್ನೂ ವಿಮರ್ಶೆಗೆ ಒಳಪಡಿಸಬೇಕೆಂದು ನಮಗೆ ಹೊಳೆಯುವುದಿಲ್ಲ. ಅದು ಇಂಜಿನಿಯರರ, ಕಂದಾಯ ಇಲಾಖೆಯ, ಹೆಚ್ಚೆಂದರೆ ಲೆಕ್ಕ ತಪಾಸಣೆಯವರ ವಿಷಯವೆಂದು ಬಿಟ್ಟುಬಿಡುತ್ತೇವೆ. ಆದರೆ ಊರು ಕೂಡ ಮನುಷ್ಯರು ಮಾಡಿದ ಒಂದು ಕೃತಿಯೇ. ಅದರ ಹಿಂದೆ ಒಂದು ದೃಷ್ಟಿಕೋನವಿರುತ್ತದೆ. ಅದು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದು, ಯಾರನ್ನು ಮರೆತು ಕಟ್ಟಿದ್ದು ಎಂಬ ಪ್ರಶ್ನೆಯೂ ಇರುತ್ತದೆ. ಕವಿತೆ ಕೆಟ್ಟರೆ ಓದುಗ ಪುಟ ಮಗುಚಿ ಮುಂದೆ ಹೋಗುತ್ತಾನೆ. ಊರು ಕೆಟ್ಟರೆ ಅದರೊಳಗೇ ಮೂರು ತಲೆಮಾರು ಬಾಳಬೇಕಾಗುತ್ತದೆ.

ಬೀದರಿನ ಮೈಲೂರಿನಲ್ಲೋ, ಭಾಲ್ಕಿ-ಔರಾದಿನ ಹಳ್ಳಿಗಳಲ್ಲೋ ಬದುಕುವ ನಮಗೆ ಇಂಥ ವಿಮರ್ಶೆಗೆ ತಕ್ಕ ಕೃತಿಯೊಂದು ಪಕ್ಕದಲ್ಲೇ ಇದೆ. 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ ಮಹಾರಾಷ್ಟ್ರದ ಲಾತೂರ್ ಮತ್ತು ಆಗಿನ ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಭೂಮಿ ಅದುರಿತು. ಗಣೇಶನನ್ನು ನೀರಿಗೆ ಬಿಟ್ಟು ಬಂದು ಜನ ತಡವಾಗಿ ಮಲಗಿದ್ದ ರಾತ್ರಿ ಅದು. ಕಿಲ್ಲಾರಿ, ಸಾಸ್ತೂರು ಮೊದಲಾದ ಊರುಗಳು ಕೆಲವೇ ಕ್ಷಣಗಳಲ್ಲಿ ಕಲ್ಲಿನ ರಾಶಿಗಳಾದವು. ಸುಮಾರು 8,000 ಜನ ಸತ್ತರು, ಸುಮಾರು 16,000 ಜನ ಗಾಯಗೊಂಡರು. ನಂತರದ ವರ್ಷಗಳಲ್ಲಿ ಮಹಾರಾಷ್ಟ್ರ ಸರಕಾರ ವಿಶ್ವಬ್ಯಾಂಕಿನ ಸಾಲ ಪಡೆದು ದೇಶವೇ ಅಲ್ಲಿಯವರೆಗೆ ಕಂಡಿರದಷ್ಟು ದೊಡ್ಡ ಗ್ರಾಮೀಣ ಪುನರ್ನಿರ್ಮಾಣಕ್ಕೆ ಕೈ ಹಾಕಿತು. ಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರ ಅದು ಏನು ಮಾಡಿತು, ಏನು ಬಿಟ್ಟಿತು ಎಂದು ನೋಡುವುದು ಸಾಧ್ಯವಿದೆ.

ಅದು ಪರರಾಜ್ಯದ ಕಥೆ, ನಮಗೇಕೆ ಎನ್ನುವವರು ನಕಾಶೆ ನೋಡಬೇಕು. ಕಿಲ್ಲಾರಿಯಿಂದ ಬೀದರಿಗೆ ನೆಟ್ಟಗೆ ಗೆರೆ ಎಳೆದರೆ ಸುಮಾರು ನೂರು ಕಿಲೋಮೀಟರ್. ಭಾಲ್ಕಿ ಇನ್ನೂ ಹತ್ತಿರ, ಬಸವಕಲ್ಯಾಣಕ್ಕಂತೂ ಅದರ ಅರ್ಧ ದೂರವೂ ಇಲ್ಲ. 1956ಕ್ಕೆ ಮೊದಲು ಇದೆಲ್ಲ ಒಂದೇ ಹೈದರಾಬಾದ್ ರಾಜ್ಯ. ಉದಗೀರ್, ನಿಲಂಗಾ, ಅಹ್ಮದಪುರ ತಾಲೂಕುಗಳು ಬೀದರ್ ಜಿಲ್ಲೆಯವೇ ಆಗಿದ್ದವು. ಆಮೇಲೆ ರಾಜ್ಯಗಳು ಬೇರೆಯಾದವು, ಕಚೇರಿಯ ಭಾಷೆ ಬೇರೆಯಾಯಿತು. ಆದರೆ ಗೋಡೆಗೆ ಹಾಕುವ ಕರಿಗಲ್ಲು, ಅದನ್ನು ಕೂರಿಸುವ ಮಣ್ಣು, ಮಾಳಿಗೆಯ ಜಂತಿ, ಗೌಂಡಿಯ ಕೈ ಇವು ಯಾವ ರಾಜ್ಯ ಪುನರ್ವಿಂಗಡಣೆಗೂ ಒಳಗಾಗಲಿಲ್ಲ. ಔರಾದಿನ ಹಳ್ಳಿಯ ಹಳೆಯ ಮನೆಯನ್ನೂ ಕಿಲ್ಲಾರಿಯ ಸುತ್ತಲಿನ ಹಳೆಯ ಮನೆಯನ್ನೂ ಅಕ್ಕಪಕ್ಕ ಇಟ್ಟರೆ ಯಾವುದು ಯಾವ ರಾಜ್ಯದ್ದೆಂದು ಹೇಳುವುದು ಸುಲಭವಲ್ಲ. ಹಾಗಾಗಿ ಅಲ್ಲಿ ಯಾಕೆ ಜನ ಸತ್ತರು ಎಂಬುದು ನಮ್ಮ ಮನೆಯ ಪ್ರಶ್ನೆ.

ಕೊಂದದ್ದು ಯಾವುದು?

ಕಿಲ್ಲಾರಿಯ ಭೂಕಂಪದ ಪ್ರಮಾಣ 6.2ರ ಆಸುಪಾಸು. ಜಗತ್ತಿನಲ್ಲಿ ಇಷ್ಟು ಪ್ರಮಾಣದ ಕಂಪನಗಳು ಪ್ರತಿವರ್ಷ ಅನೇಕ ಆಗುತ್ತವೆ. ಎಲ್ಲ ಕಡೆ ಸಾವಿರಗಟ್ಟಲೆ ಜನ ಸಾಯುವುದಿಲ್ಲ. ಇಲ್ಲಿ ಕಂಪನದ ಮೂಲ ನೆಲದಿಂದ ಹೆಚ್ಚು ಆಳದಲ್ಲಿರಲಿಲ್ಲ, ಜನ ಒಳಗೆ ಮಲಗಿದ್ದರು ಎಂಬ ಕಾರಣಗಳಿವೆ. ಆದರೆ ಮುಖ್ಯ ಕಾರಣ ಗೋಡೆ. ಆ ಭಾಗದ ಗೋಡೆ ಎರಡಡಿಯಿಂದ ನಾಲ್ಕಡಿಯವರೆಗೂ ದಪ್ಪ. ಹೊರಮೈಗೆ ಒಂದು ಸಾಲು ಕಲ್ಲು, ಒಳಮೈಗೆ ಇನ್ನೊಂದು ಸಾಲು, ನಡುವೆ ಚೂರುಗಲ್ಲು ಮತ್ತು ಮಣ್ಣು. ಕಣ್ಣಿಗೆ ಒಂದೇ ಗೋಡೆ, ಒಳಗೆ ಎರಡು ಗೋಡೆ. ಇವೆರಡನ್ನು ಹಿಡಿದಿಡುವ, ಈ ಮೈಯಿಂದ ಆ ಮೈಗೆ ಹಾಯುವ ಉದ್ದನೆಯ ಕಲ್ಲುಗಳು ಇರಲಿಲ್ಲ. ನೆಲ ಅಲುಗಿದಾಗ ನಡುವಿನ ಚೂರುಗಲ್ಲು ಕೆಳಕ್ಕೆ ಜಾರಿ ಬೆಣೆ ಹೊಡೆದಂತೆ ಎರಡೂ ಮೈಗಳನ್ನು ಹೊರಕ್ಕೆ ತಳ್ಳಿತು. ಗೋಡೆ ಹೊಟ್ಟೆ ಬಿಟ್ಟು ಒಡೆಯಿತು. ಮೇಲೆ ವರ್ಷವರ್ಷವೂ ಮಳೆಗಾಲಕ್ಕೆ ಮುಂಚೆ ಹಾಕುತ್ತ ಬಂದ ಮಣ್ಣಿನಿಂದ ಮಾಳಿಗೆ ಒಂದಡಿ, ಎರಡಡಿ ದಪ್ಪವಾಗಿತ್ತು. ಕಲ್ಲು ಮಣ್ಣು ಎರಡೂ ಮಲಗಿದ್ದವರ ಮೇಲೆ ಬಂದವು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಈ ಮನೆಗಳ ಒಳಗೆ ಮರದ ಕಂಬ, ತೊಲೆ, ಜಂತಿಗಳ ಚೌಕಟ್ಟು ಇರುತ್ತಿತ್ತು. ಮಾಳಿಗೆಯ ಭಾರವನ್ನು ಹೊತ್ತದ್ದು ಅದೇ. ಎಷ್ಟೋ ಕಡೆ ಗೋಡೆ ಪೂರ್ತಿ ಬಿದ್ದರೂ ಈ ಮರದ ಚೌಕಟ್ಟು ನಿಂತೇ ಇತ್ತು. ಅಂದರೆ ನಮ್ಮ ಹಿರಿಯರ ಮನೆಯಲ್ಲಿ ಒಂದು ಭಾಗ ಕೊಂದಿತು, ಇನ್ನೊಂದು ಭಾಗ ಉಳಿಸಿತು. ಮರದ ಕೆಲಸ ಗೊತ್ತಿದ್ದ ಬಡಿಗನ ವಿದ್ಯೆ ಪಾಸಾಯಿತು. ಗೋಡೆ ಕಟ್ಟುವ ವಿದ್ಯೆ ಎಲ್ಲೋ ನಡುವೆ ಸಡಿಲವಾಗಿತ್ತು. ಕೂರಿಸಲು ಸುಲಭವೆಂದು ಗುಂಡಗಿನ ಕಲ್ಲನ್ನು ಡ್ರೆಸ್ ಮಾಡದೆ ಹಾಕುವುದು, ಹಾಯುಗಲ್ಲು ಬಿಡುವುದು ರೂಢಿಯಾಗಿತ್ತು. ದೋಷ ಕಲ್ಲಿನದಲ್ಲ, ಕಲ್ಲನ್ನು ಕಲ್ಲಿಗೆ ಕಟ್ಟುವ ರೀತಿಯದು.

ಆದರೆ ದುರಂತದ ಮಾರನೆಯ ದಿನ ಜನ ಕಲಿತ ಪಾಠ ಬೇರೆಯಾಗಿತ್ತು. ಕಲ್ಲು ಎಂದರೆ ಸಾವು, ಸಿಮೆಂಟು ಎಂದರೆ ಜೀವ. ತಮ್ಮ ಮಕ್ಕಳನ್ನು ಕಲ್ಲಿನ ರಾಶಿಯಿಂದ ಕೈಯಾರೆ ಎಳೆದು ತೆಗೆದವರು ಹೀಗೆ ಯೋಚಿಸಿದರೆ ಅವರನ್ನು ದೂರುವುದು ಅಮಾನವೀಯ. ತಿಂಗಳುಗಟ್ಟಲೆ ತಗಡಿನ ಶೆಡ್ಡಿನಲ್ಲಿ ಇದ್ದರೂ ಕಲ್ಲಿನ ಮನೆಯೊಳಗೆ ಕಾಲಿಡಲು ಜನ ಒಪ್ಪಲಿಲ್ಲ. ಊರನ್ನು ಬೇರೆ ಕಡೆ ಕಟ್ಟಿಕೊಡಿ, ಸ್ಲ್ಯಾಬಿನ ಮನೆ ಕೊಡಿ ಎಂದು ಅವರೇ ಕೇಳಿದರು. ಸ್ಥಳಾಂತರವನ್ನು ಟೀಕಿಸುವ ಅನೇಕ ಪಂಡಿತರು ಈ ಮಾತನ್ನು ಮುಚ್ಚಿಡುತ್ತಾರೆ. ಹಾಗೆ ಮುಚ್ಚಿಟ್ಟು ಮಾಡುವ ಟೀಕೆ ಪ್ರಾಮಾಣಿಕವಲ್ಲ. ನಮ್ಮ ಪ್ರಶ್ನೆ ಇಷ್ಟೇ: ಭಯದ ಮೊದಲ ತಿಂಗಳಿನಲ್ಲಿ ಜನ ಕೊಟ್ಟ ಉತ್ತರವನ್ನು ಮುಂದಿನ ಐವತ್ತು ವರ್ಷದ ಯೋಜನೆಯಾಗಿ ಮಾಡುವ ಮೊದಲು ಇನ್ನೊಮ್ಮೆ ಕೇಳಬೇಕಿತ್ತಲ್ಲವೇ? ಅವರ ಕಣ್ಣೆದುರೇ ಎರಡು ಗೋಡೆ ಕಟ್ಟಿ, ಎರಡನ್ನೂ ಅಲುಗಿಸಿ ತೋರಿಸಿ, ಆಮೇಲೆ ಕೇಳಬೇಕಿತ್ತಲ್ಲವೇ?

ಪಹಣಿಯೇ ಗೋಡೆಯಾದ ಊರು

ಪೂರ್ತಿ ನಾಶವಾದ 52 ಹಳ್ಳಿಗಳನ್ನು ಹೊಸ ಜಾಗಕ್ಕೆ ಸ್ಥಳಾಂತರಿಸಲಾಯಿತು. ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಮನೆಗಳು ಎದ್ದವು. ಸರಕಾರದ ಜೊತೆಗೆ ದೇಶದ ನಾನಾ ಕಡೆಯ ಸೇವಾಸಂಸ್ಥೆಗಳು, ಕಂಪನಿಗಳು, ಧಾರ್ಮಿಕ ಟ್ರಸ್ಟುಗಳು ಒಂದೊಂದು ಊರನ್ನು ದತ್ತು ತೆಗೆದುಕೊಂಡು ಕಟ್ಟಿದವು. ಜಾತಿ ಧರ್ಮ ನೋಡದೆ ಹರಿದುಬಂದ ಆ ಸಹಾಯವನ್ನು ಸ್ಮರಿಸಲೇಬೇಕು. ಈ ಮನೆಗಳು ಮುಂದಿನ ಕಂಪನದಲ್ಲಿ ಮಲಗಿದವರ ಮೇಲೆ ಕುಸಿಯಬಾರದು ಎಂಬ ಲಕ್ಷ್ಯವಿಟ್ಟು ಕಟ್ಟಿದವು. ಪುನರ್ವಸತಿಯ ಮೊದಲ ಕರ್ತವ್ಯ ಅದೇ ಆದ್ದರಿಂದ ಈ ಅಂಶದಲ್ಲಿ ಕಾರ್ಯಕ್ರಮಕ್ಕೆ ಅಂಕ ಕೊಡಬೇಕು.

ಅದರಾಚೆಗೆ ನೋಡಿದಾಗ ಸಮಸ್ಯೆ ಶುರುವಾಗುತ್ತದೆ. ಮನೆಯ ಅಳತೆಯನ್ನು ಜಮೀನಿನ ಲೆಕ್ಕದ ಮೇಲೆ ನಿಗದಿ ಮಾಡಲಾಯಿತು. ಭೂಮಿ ಇಲ್ಲದವರಿಗೆ ಮತ್ತು ತುಂಡು ಭೂಮಿ ಇದ್ದವರಿಗೆ 250 ಚದರಡಿ, ಮಧ್ಯಮ ಹಿಡುವಳಿದಾರರಿಗೆ 400, ದೊಡ್ಡ ಹಿಡುವಳಿದಾರರಿಗೆ 750. ಇದಕ್ಕೆ ಒಂದು ತರ್ಕವಿದೆ. ಹೆಚ್ಚು ಹೊಲ ಇದ್ದವನಿಗೆ ಕಾಳು ಇಡಲು, ಎತ್ತು ಕಟ್ಟಲು ಜಾಗ ಬೇಕು ಎನ್ನುವುದು. ಆದರೆ ಈ ತರ್ಕವನ್ನು ತಿರುಗಿಸಿಯೂ ಕೇಳಬಹುದು. ಹೊಲವಿಲ್ಲದವನಿಗೆ ಮನೆಯೊಂದೇ ಆಸ್ತಿ. ಅವನ ಹೆಂಡತಿ ಆಡು ಸಾಕುವುದು, ಹೊಲಿಗೆ ಮಾಡುವುದು, ಅಂಗಡಿ ಇಡುವುದು, ಮಗಳ ಬಾಣಂತನ ಮಾಡುವುದು ಆ ಮನೆಯಲ್ಲೇ. ಅವನಿಗೆ ಚಿಕ್ಕ ಮನೆ ಸಾಕು ಎಂದು ಹೇಳಿದವರು ಯಾರು? ಭೂಕಂಪ ಒಂದು ರಾತ್ರಿಯ ಮಟ್ಟಿಗೆ ದೊಡ್ಡವರ ವಾಡೆಯನ್ನೂ ಕೂಲಿಕಾರನ ಗುಡಿಸಲನ್ನೂ ನೆಲಕ್ಕೆ ತಂದಿತ್ತು. ಪುನರ್ವಸತಿ ಮರಳಿ ಎಲ್ಲರನ್ನೂ ಅವರವರ ಅಳತೆಗೆ ಕೂರಿಸಿತು. ಕಾಗದದಲ್ಲಿದ್ದ ಪಹಣಿ ಈಗ ಸಿಮೆಂಟಿನಲ್ಲಿ ಎರಕವಾಯಿತು.

ಅಷ್ಟಕ್ಕೇ ನಿಲ್ಲಲಿಲ್ಲ. ಒಂದೇ ಅಳತೆಯ ಮನೆಗಳನ್ನು ಒಂದೇ ಕಡೆ ಸಾಲಾಗಿ ಕಟ್ಟುವುದು ಗುತ್ತಿಗೆದಾರನಿಗೂ ಇಂಜಿನಿಯರನಿಗೂ ಅನುಕೂಲ. ಹಾಗೆ ಮಾಡಿದ ಕಡೆಗಳಲ್ಲಿ ಅಣ್ಣತಮ್ಮಂದಿರು, ನೆರೆಹೊರೆಯವರು ಬೇರೆ ಬೇರೆ ಓಣಿಗಳಿಗೆ ಚದುರಿದರು. ಹಳೆಯ ಊರಿನ ಓಣಿಗಳಲ್ಲಿ ಜಾತಿಯ ಗೋಡೆ ಇರಲಿಲ್ಲವೆಂದು ನಾವು ಹೇಳುತ್ತಿಲ್ಲ. ಇತ್ತು, ಕಠೋರವಾಗಿಯೇ ಇತ್ತು. ಹೊಸ ಊರು ಅದನ್ನು ಮುರಿದು ಎಲ್ಲರನ್ನೂ ಬೆರೆಸಿದ್ದರೆ ನಾವು ಮೊದಲು ಚಪ್ಪಾಳೆ ತಟ್ಟುತ್ತಿದ್ದೆವು. ಆದದ್ದು ಹಾಗಲ್ಲ. ಜಾತಿಯ ಓಣಿಯ ಜಾಗಕ್ಕೆ ಜಮೀನಿನ ಓಣಿ ಬಂತು. ನಮ್ಮ ಸಮಾಜದಲ್ಲಿ ಇವೆರಡೂ ಒಂದೇ ಮುಖದ ಎರಡು ಕಣ್ಣು.

ಹೊಸ ಊರಿನ ನಕಾಶೆಯೂ ಒಂದು ಓದಿಗೆ ತಕ್ಕದ್ದು. ಅಗಲವಾದ ರಸ್ತೆ, ಚೌಕಾಕಾರದ ಪ್ಲಾಟು, ಪ್ಲಾಟಿನ ನಡುವೆ ಪೆಟ್ಟಿಗೆಯಂಥ ಮನೆ. ಪಟ್ಟಣದ ಬಡಾವಣೆಯ ಲೇಔಟನ್ನು ಎತ್ತಿ ಹೊಲದಲ್ಲಿ ಇಟ್ಟ ಹಾಗೆ. ರಸ್ತೆ ಅಗಲವಿದ್ದರೆ ಕಟ್ಟಡ ಬಿದ್ದರೂ ತಪ್ಪಿಸಿಕೊಳ್ಳಬಹುದು ಎಂಬ ಎಚ್ಚರ ಸರಿಯೇ. ಆದರೆ ಹರಡಿಕೊಂಡ ಊರಿಗೆ ನೀರಿನ ಪೈಪು ಉದ್ದ, ಚರಂಡಿ ಉದ್ದ, ದೀಪದ ಕಂಬ ಹೆಚ್ಚು. ಇವನ್ನೆಲ್ಲ ಮುಂದೆ ನಡೆಸಬೇಕಾದ್ದು ಬಡ ಗ್ರಾಮ ಪಂಚಾಯತಿ. ಹೊಲ ಎಲ್ಲೋ, ಮನೆ ಎಲ್ಲೋ ಆದಾಗ ಬುತ್ತಿ ಹೊತ್ತು ನಡೆಯುವವಳು ಹೆಂಗಸು.

ಹೆಂಗಸಿನ ವಿಷಯ ಬಂತಾದ್ದರಿಂದ ಅಂಗಳದ ಮಾತು ಆಡಬೇಕು. ಈ ಭಾಗದ ವಾಡೆ ಹೊರಗಿನಿಂದ ಬರೀ ಗೋಡೆ. ಒಳಹೊಕ್ಕರೆ ನಡುವೆ ಬಯಲು, ಸುತ್ತ ಪಡಸಾಲೆ. ಆ ಅಂಗಳದಲ್ಲಿ ಹಪ್ಪಳ ಒಣಗುತ್ತಿತ್ತು, ಕಾಳು ಹಸನಾಗುತ್ತಿತ್ತು, ಬೇಸಿಗೆಯ ರಾತ್ರಿ ಇಡೀ ಮನೆ ಅಲ್ಲಿ ಮಲಗುತ್ತಿತ್ತು. ಹಿಂದೂ ಮನೆಯ ಸೊಸೆಗಾಗಲಿ ಮುಸ್ಲಿಂ ಮನೆಯ ಸೊಸೆಗಾಗಲಿ ಯಾರ ಕಣ್ಣಿಗೂ ಬೀಳದೆ ಆಕಾಶ ನೋಡಲು ಇದ್ದ ಜಾಗ ಅದೊಂದೇ. ಈ ಏರ್ಪಾಡಿನಲ್ಲಿ ಹೆಣ್ಣನ್ನು ಒಳಗಿಡುವ ಯಜಮಾನಿಕೆಯೂ ಇತ್ತು ಎಂಬುದನ್ನು ಒಪ್ಪೋಣ. ಆದರೆ ಹೊಸ ಮನೆ ಅವಳಿಗೆ ಹೊರಗಿನ ಸ್ವಾತಂತ್ರ್ಯ ಕೊಡಲಿಲ್ಲ, ಒಳಗಿನ ಬಯಲನ್ನು ಮಾತ್ರ ಕಿತ್ತುಕೊಂಡಿತು. ರಸ್ತೆಗೆ ತೆರೆದ ಮನೆಯ ಸುತ್ತ ಜನ ಮೊದಲು ಕಟ್ಟಿಕೊಂಡದ್ದು ಕಾಂಪೌಂಡು. ಅದನ್ನು ಕಟ್ಟಲು ಕೆಲವರು ಬಳಸಿದ್ದು ಹಳೆಯ ಊರಿನಿಂದ ತಂದ ಅದೇ ಕಲ್ಲನ್ನು. ಯಾವ ಕಲ್ಲಿಗೆ ಹೆದರಿ ಊರು ಬಿಟ್ಟರೋ ಅದೇ ಕಲ್ಲು ಹಾಯುಗಲ್ಲಿಲ್ಲದೆ, ಪಟ್ಟಿಯಿಲ್ಲದೆ ಹೊಸ ಮನೆಯ ಪಕ್ಕಕ್ಕೆ ಬಂದು ನಿಂತಿತು. ಮನೆ ಕಟ್ಟಿಕೊಟ್ಟು ಕಟ್ಟುವ ವಿದ್ಯೆ ಕೊಡದಿದ್ದರೆ ಆಗುವುದು ಹೀಗೆ.

ಕೆಲವು ಕಡೆ ಪ್ರಯೋಗಗಳೂ ನಡೆದವು. ಗುಮ್ಮಟದ ಆಕಾರದ ಮನೆಗಳನ್ನು ಕಟ್ಟಿದ ಊರೂ ಉಂಟು. ಗೋಳಾಕಾರ ಕಂಪನವನ್ನು ಚೆನ್ನಾಗಿ ತಾಳುತ್ತದೆ ಎಂಬುದು ಶಾಸ್ತ್ರದ ಮಾತು. ಗೋಳಗುಮ್ಮಟದ ನಾಡಿನವರಾದ ನಮಗೆ ಗುಮ್ಮಟ ಹೊಸದಲ್ಲ. ಆದರೆ ನಮ್ಮಲ್ಲಿ ಗುಮ್ಮಟ ಇರುವುದು ಮಸೀದಿಗೆ, ಗೋರಿಗೆ, ಗದ್ದುಗೆಗೆ. ಗುಂಡಗಿನ ಗೋಡೆಗೆ ಕಪಾಟು ಹೇಗೆ ಒರಗಿಸುವುದು, ಮಗನ ಮದುವೆಯಾದಾಗ ಇನ್ನೊಂದು ಕೋಣೆ ಹೇಗೆ ಕೂಡಿಸುವುದು ಎಂದು ಒಬ್ಬ ತಾಯಿಯನ್ನು ಕೇಳಿದ್ದರೆ ಈ ವಿನ್ಯಾಸ ಕಾಗದದಲ್ಲೇ ಉಳಿಯುತ್ತಿತ್ತು.

ಹೆಚ್ಚು ಹೇಳದ ಕಥೆ

ಸ್ಥಳಾಂತರವಾದ 52 ಊರುಗಳ ಫೋಟೋ ಎಲ್ಲರೂ ನೋಡಿದ್ದಾರೆ. ಅದಕ್ಕಿಂತ ದೊಡ್ಡದಾದ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆಯಿತು. ಬಿರುಕು ಬಿಟ್ಟ, ಅರ್ಧ ಕುಸಿದ 1.5 ಲಕ್ಷಕ್ಕೂ ಹೆಚ್ಚು ಮನೆಗಳನ್ನು ಇದ್ದ ಜಾಗದಲ್ಲೇ ದುರಸ್ತಿ ಮಾಡಿ ಬಲಪಡಿಸುವ ಕಾರ್ಯಕ್ರಮ ಅದು. ಇಲ್ಲಿ ಹಣವನ್ನು ಕಂತುಕಂತಾಗಿ ಮನೆಯವರಿಗೇ ಕೊಟ್ಟು, ಅವರೇ ಗೌಂಡಿಯನ್ನು ಹಿಡಿದು ಕೆಲಸ ಮಾಡಿಸಿಕೊಳ್ಳುವ ವ್ಯವಸ್ಥೆಯಿತ್ತು. ಸರಕಾರ ಮತ್ತು ಊರಿನ ನಡುವೆ ಮಾತಿನ ಸೇತುವೆಯಾಗಲು ಊರಿನ ಹೆಂಗಸರನ್ನೇ 'ಸಂವಾದ ಸಹಾಯಕ'ರನ್ನಾಗಿ ನೇಮಿಸಲಾಯಿತು. ಪ್ರೇಮಾ ಗೋಪಾಲನ್ ಅವರ ನೇತೃತ್ವದ ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆ ಈ ಕೆಲಸದಲ್ಲಿ ತೊಡಗಿತ್ತು. ಸಿಮೆಂಟು ಮರಳಿನ ಪ್ರಮಾಣ ಏನು, ಸಲಾಕೆ ಎಲ್ಲಿ ಬರಬೇಕು ಎಂದು ಗಂಡಸು ಗೌಂಡಿಯನ್ನು ಹೆಂಗಸರು ನಿಂತು ಕೇಳಿದ್ದು ಮರಾಠವಾಡದ ಹಳ್ಳಿಗಳಿಗೆ ಸಣ್ಣ ಸಂಗತಿಯಾಗಿರಲಿಲ್ಲ. 2001ರಲ್ಲಿ ಕಛ್ ಕುಸಿದಾಗ ಲಾತೂರಿನ ಹೆಂಗಸರೇ ಅಲ್ಲಿಗೆ ಹೋಗಿ ತಮ್ಮ ಅನುಭವ ಹಂಚಿಕೊಂಡರು.

ಆದರೆ ಈ ಕಾರ್ಯಕ್ರಮವೂ ತನ್ನ ಮೂಲ ಗುರಿಯನ್ನು ಪೂರ್ತಿ ಮುಟ್ಟಲಿಲ್ಲ. ಹಳೆಯ ಗೋಡೆಯನ್ನು ಬಲಪಡಿಸಲೆಂದು ಬಂದ ಹಣದಲ್ಲಿ ಹೆಚ್ಚಿನವರು ಪಕ್ಕದಲ್ಲೇ ಇಟ್ಟಿಗೆ-ಸಿಮೆಂಟಿನ ಒಂದು ಹೊಸ ಕೋಣೆ ಕಟ್ಟಿಕೊಂಡರು. ಹಳೆಯ ಮನೆ ಹಾಗೆಯೇ ಉಳಿಯಿತು, ಅದರಲ್ಲಿ ವಾಸವೂ ಮುಂದುವರಿಯಿತು. ಕಾರಣ ಸ್ಪಷ್ಟ. ಗೋಡೆಯಲ್ಲಿ ತೂತು ಕೊರೆದು, ಕೊಂಡಿಯಂತೆ ಬಗ್ಗಿಸಿದ ಸಲಾಕೆ ಹಾಕಿ, ಕಾಂಕ್ರೀಟು ತುಂಬಿ ಎರಡೂ ಮೈಗಳನ್ನು ಹೆಣೆಯುವುದು. ಮೇಲಿನ ಹೆಚ್ಚುವರಿ ಮಣ್ಣನ್ನು ಇಳಿಸುವುದು. ಕಂಬ ತೊಲೆ ಕೂಡುವಲ್ಲಿ ಓರೆಯಾಗಿ ಮರದ ಆನಿಕೆ ಕೊಡುವುದು. ಇವೆಲ್ಲ ಕಣ್ಣಿಗೆ ಕಾಣುವ ಕೆಲಸವಲ್ಲ. ಹಣ ಖರ್ಚು ಮಾಡಿದ ಮೇಲೂ ಮನೆ ಮೊದಲಿನ ಹಾಗೆಯೇ ಕಾಣುತ್ತದೆ. ಹೊಸ ಕೋಣೆ ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತದೆ. ಇಲ್ಲಿ ಸೋತದ್ದು ತಂತ್ರಜ್ಞಾನವಲ್ಲ, ನಂಬಿಕೆ. ಆ ನಂಬಿಕೆಯನ್ನು ಕಟ್ಟಲು ವರ್ಷಗಳ ಮಾತುಕತೆ ಬೇಕಿತ್ತು. ಕಾರ್ಯಕ್ರಮಕ್ಕೆ ಇದ್ದದ್ದು ಮುಕ್ತಾಯದ ದಿನಾಂಕ.

ಬೇರೆಯವರು ಕಲಿತದ್ದು, ನಾವು ಕಲಿಯದ್ದು

ಕಿಲ್ಲಾರಿಯ ಅನುಭವ ವ್ಯರ್ಥವಾಗಲಿಲ್ಲ. 2001ರ ಜನವರಿ 26ರ ಭೂಕಂಪದ ನಂತರ ಗುಜರಾತಿನಲ್ಲಿ ಬಹುಪಾಲು ಹಳ್ಳಿಗಳು ಸ್ಥಳಾಂತರ ಬೇಡವೆಂದವು. ಹಣ ಮತ್ತು ತಾಂತ್ರಿಕ ಸಲಹೆ ಕೊಟ್ಟು ಮನೆಯವರೇ ಕಟ್ಟಿಕೊಳ್ಳುವ ದಾರಿಯನ್ನು ಅಲ್ಲಿ ದೊಡ್ಡ ಪ್ರಮಾಣದಲ್ಲಿ ಅನುಸರಿಸಲಾಯಿತು. ಪರಿಹಾರದಲ್ಲಿ ದಲಿತರಿಗೆ, ಮುಸ್ಲಿಮರಿಗೆ ತಾರತಮ್ಯವಾಯಿತೆಂಬ ದೂರುಗಳು ಆಗಲೇ ಕೇಳಿಬಂದಿದ್ದವು, ಅದನ್ನು ಮರೆಯುವಂತಿಲ್ಲ. ಆದರೂ ಕಟ್ಟುವ ಹಕ್ಕು ಯಾರದ್ದು ಎಂಬ ಪ್ರಶ್ನೆಗೆ ಅಲ್ಲಿ ಉತ್ತಮ ಉತ್ತರ ಸಿಕ್ಕಿತು. ಬನ್ನಿ ಸೀಮೆಯ ಪಶುಪಾಲಕ ಮುಸ್ಲಿಮರೂ ದಲಿತರೂ ಕಟ್ಟುವ 'ಭುಂಗಾ' ಎಂಬ ಗುಂಡನೆಯ ಮನೆಗಳು ಆ ಕಂಪನವನ್ನು ಚೆನ್ನಾಗಿ ತಾಳಿಕೊಂಡದ್ದು ಇಂಜಿನಿಯರುಗಳ ಗಮನ ಸೆಳೆಯಿತು.

2005ರ ಅಕ್ಟೋಬರ್ 8ರಂದು ಕಾಶ್ಮೀರದಲ್ಲಿ, ನಿಯಂತ್ರಣ ರೇಖೆಯ ಎರಡೂ ಬದಿ ಸೇರಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ 'ಧಜ್ಜಿ ದೇವಾರಿ' ಎಂಬ ಹಳೆಯ ಪದ್ಧತಿಯಿದೆ. ಮರದ ಪಟ್ಟಿಗಳಿಂದ ಗೋಡೆಯನ್ನು ಸಣ್ಣ ಸಣ್ಣ ಚೌಕಗಳಾಗಿ ಹೆಣೆದು ನಡುವೆ ಕಲ್ಲು ಮಣ್ಣು ತುಂಬುವುದು. ಇಂಥ ಮನೆಗಳು ಬಿರುಕು ಬಿಟ್ಟರೂ ಕುಸಿಯಲಿಲ್ಲ. ಪಾಕಿಸ್ತಾನದ ಅಧಿಕಾರಿಗಳು ಮೊದಲು ಇದಕ್ಕೆ ಪರಿಹಾರಧನ ಕೊಡಲು ಒಪ್ಪಿರಲಿಲ್ಲ. ಜನ ತಾವಾಗಿಯೇ ಈ ರೀತಿ ಕಟ್ಟಿಕೊಳ್ಳಲು ಶುರುಮಾಡಿದ ಮೇಲೆ ಸರಕಾರವೇ ಅದಕ್ಕೆ ಮಾನ್ಯತೆ ಕೊಟ್ಟಿತು. ಹಳೆಯದೆಲ್ಲ ಒಳ್ಳೆಯದು ಎನ್ನುವ ಭಾವುಕತೆ ಬೇಡ. ಕಿಲ್ಲಾರಿಯಲ್ಲಿ ಹಳೆಯ ಗೋಡೆಯೇ ಕೊಂದಿತು. ಹಳೆಯದನ್ನು ಪರೀಕ್ಷಿಸಿ ಬಲವಾದುದನ್ನು ಉಳಿಸಿಕೊಳ್ಳುವುದು, ದುರ್ಬಲವಾದುದನ್ನು ತಿದ್ದುವುದು ವಿವೇಕ.

ಕರ್ನಾಟಕದಲ್ಲಿ ನಾವು ಕಲಿತದ್ದೇನು? 2009ರ ನೆರೆಯ ನಂತರ ಉತ್ತರ ಕರ್ನಾಟಕದ ಹಳ್ಳಿಗಳಿಗಾಗಿ 'ಆಸರೆ' ಹೆಸರಿನಲ್ಲಿ ದಾನಿಗಳ ಸಹಾಯದಿಂದ ಬಡಾವಣೆಗಳು ಎದ್ದವು. ಸಣ್ಣ ಪೆಟ್ಟಿಗೆಯ ಮನೆ, ದನಕ್ಕೆ ಜಾಗವಿಲ್ಲ, ಹೊಲ ದೂರ, ನೀರಿಲ್ಲ. ಎಷ್ಟೋ ಮನೆಗಳು ಜನ ಹೋಗದೆ ಖಾಲಿ ಉಳಿದು ಜಾಲಿ ಬೆಳೆದವು. ಕಿಲ್ಲಾರಿಯ ಹೊಸ ಊರುಗಳು ನಮ್ಮ ಗಡಿಯಾಚೆ ಹದಿನೈದು ವರ್ಷಗಳಿಂದ ನಿಂತಿದ್ದವು. ಒಮ್ಮೆ ಬಸ್ಸು ಹತ್ತಿ ಹೋಗಿ ನೋಡಿ ಬಂದಿದ್ದರೆ ಸಾಕಿತ್ತು.

'ನಿರೋಧಕ' ಎಂಬ ಮಾತು

ನಮ್ಮ ಭಾಷೆಯ ಬಗ್ಗೆಯೂ ಒಂದು ಮಾತು. 'ಭೂಕಂಪ ನಿರೋಧಕ' ಎಂದು ಕನ್ನಡದಲ್ಲಿ ಬರೆಯುತ್ತೇವೆ. ಈ ಪದ ಭೂಕಂಪವನ್ನೇ ತಡೆಯುವ ಮಂತ್ರದಂತೆ ಕೇಳುತ್ತದೆ. ಇಂಜಿನಿಯರಿಂಗ್ ಶಾಸ್ತ್ರ ಅಂಥ ಭರವಸೆ ಕೊಡುವುದಿಲ್ಲ. ದೊಡ್ಡ ಕಂಪನದಲ್ಲಿ ಗೋಡೆ ಬಿರಿಯಬಹುದು, ಮನೆ ಹಾಳಾಗಬಹುದು, ಆದರೆ ಒಳಗಿದ್ದವರು ಜೀವಂತವಾಗಿ ಹೊರಬರಬೇಕು ಎಂಬಷ್ಟೇ ಅದರ ಲಕ್ಷ್ಯ. 'ಭೂಕಂಪ ತಾಳುವ ಮನೆ' ಎಂದರೆ ಗೌಂಡಿಗೂ ಅರ್ಥವಾಗುತ್ತದೆ, ಸುಳ್ಳು ಭರವಸೆಯೂ ಇರುವುದಿಲ್ಲ.

ತಾಳುವ ಕಲ್ಲಿನ ಮನೆಗೆ ಬೇಕಾದುದೇನು ಎಂಬುದು ಗುಟ್ಟಲ್ಲ. 1993ರಲ್ಲೇ ಭಾರತೀಯ ಮಾನಕ ಸಂಸ್ಥೆ ಇದಕ್ಕೆ ಸಂಹಿತೆಗಳನ್ನು ಪ್ರಕಟಿಸಿದೆ. ಕಲ್ಲಿನ ಗೋಡೆ ಒಂದೂವರೆ ಅಡಿಗಿಂತ ದಪ್ಪ ಬೇಡ, ಒಳಮೈ ಹೊರಮೈ ಕಲ್ಲುಗಳು ಒಂದಕ್ಕೊಂದು ಹೆಣೆದುಕೊಂಡಿರಬೇಕು. ಪ್ರತಿ ಎರಡಡಿ ಎತ್ತರಕ್ಕೆ, ನಾಲ್ಕಡಿಗಿಂತ ಹೆಚ್ಚು ಅಂತರವಿಲ್ಲದೆ ಹಾಯುಗಲ್ಲು ಬರಬೇಕು. ಬಾಗಿಲು ಕಿಟಕಿ ಮೂಲೆಗೆ ಅಂಟಿಕೊಂಡಿರಬಾರದು. ತಳಪಾಯದ ಮೇಲೆ, ಬಾಗಿಲ ನೆತ್ತಿಯಲ್ಲಿ, ಮಾಳಿಗೆಯ ಕೆಳಗೆ ಮನೆಯ ಸುತ್ತಲೂ ಎಲ್ಲಿಯೂ ತುಂಡಾಗದ ಪಟ್ಟಿ ಬರಬೇಕು. ಗಾಡಿಯ ಗಾಲಿಗೆ ಹಾಕುವ ಕಬ್ಬಿಣದ ಪಟ್ಟಿಯನ್ನು ನೆನೆಯಿರಿ. ಬಿಡಿಬಿಡಿ ಮರದ ತುಂಡುಗಳನ್ನು ಒಂದು ಗಾಲಿ ಮಾಡುವುದು ಆ ಪಟ್ಟಿ. ನಾಲ್ಕು ಗೋಡೆಗಳನ್ನು ಒಂದು ಮನೆ ಮಾಡುವುದೂ ಇಂಥದೇ ಪಟ್ಟಿ. ಇಷ್ಟು ಮಾತನ್ನು ಸರಳ ಕನ್ನಡದಲ್ಲಿ, ದಖನಿ ಉರ್ದುವಿನಲ್ಲಿ, ಮರಾಠಿಯಲ್ಲಿ ಬೀದರ್ ಜಿಲ್ಲೆಯ ಪ್ರತಿಯೊಬ್ಬ ಗೌಂಡಿಯ ಕೈಗೆ ತಲುಪಿಸುವುದು ಕಷ್ಟದ ಕೆಲಸವೇ?

ಇದು ಈಗ ಯಾಕೆ ಬೇಕು ಎಂದರೆ, ನಮ್ಮ ಮನೆಗಳು ಈಗ ಹಳೆಯದೂ ಅಲ್ಲದ ಹೊಸದೂ ಅಲ್ಲದ ಸ್ಥಿತಿಯಲ್ಲಿವೆ. ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ಗೋಡೆಯ ಮೇಲಿಂದ ಜಂತಿ ಮಾಳಿಗೆ ತೆಗೆದು ನೇರವಾಗಿ ಸ್ಲ್ಯಾಬು ಹಾಕುವುದು ಹಳ್ಳಿಗಳಲ್ಲಿ ಕಾಣುತ್ತದೆ. ಎಂದರೆ ಉಳಿಸಿದ್ದ ಮರವನ್ನು ತೆಗೆದು, ಕೊಂದಿದ್ದ ಗೋಡೆಯನ್ನು ಇಟ್ಟುಕೊಂಡು, ಅದರ ಮೇಲೆ ಕಾಂಕ್ರೀಟಿನ ಭಾರ ಹೇರಿದ ಹಾಗೆ. ಮೈಲೂರಿನಂಥ ಬೆಳೆಯುವ ಬಡಾವಣೆಗಳಲ್ಲಿ ಕೆಳಗೆ ಅಂಗಡಿಗಾಗಿ ಬರೀ ಕಂಬ, ಮೇಲೆ ಇಟ್ಟಿಗೆಯ ಮಹಡಿಗಳು. 2001ರಲ್ಲಿ ಅಹಮದಾಬಾದಿನಲ್ಲಿ ಬಿದ್ದ ಬಹುಮಹಡಿ ಕಟ್ಟಡಗಳಲ್ಲಿ ಕೆಳಗೆ ಬರೀ ಕಂಬಗಳಿದ್ದವೇ ಹೆಚ್ಚು. ಸರಕಾರಿ ವಸತಿ ಯೋಜನೆಗಳಲ್ಲಿ ತಳಪಾಯ, ಲಿಂಟಲ್, ಛಾವಣಿ ಎಂದು ಹಂತಹಂತವಾಗಿ ಫೋಟೋ ತೆಗೆದು ಹಣ ಬಿಡುಗಡೆ ಮಾಡುತ್ತಾರೆ. ಲಿಂಟಲ್ ಮಟ್ಟಕ್ಕೆ ಬಂದಿದೆ ಎಂಬುದನ್ನು ಫೋಟೋ ತೋರಿಸುತ್ತದೆ. ಲಿಂಟಲ್ ಬಾಗಿಲ ಮೇಲಷ್ಟೇ ಇದೆಯೋ, ಮನೆಯ ಸುತ್ತ ಹರಿದಿದೆಯೋ ಎಂದು ಕೇಳುವವರು ಬೇಕು. ವ್ಯತ್ಯಾಸ ಕೆಲವು ಚೀಲ ಸಿಮೆಂಟು, ಕೆಲವು ಸಲಾಕೆ. ಆ ವ್ಯತ್ಯಾಸದಲ್ಲಿ ಒಂದು ಸಂಸಾರ ಬದುಕುತ್ತದೆ ಅಥವಾ ಸಾಯುತ್ತದೆ.

ಭೂಕಂಪ ನಮ್ಮ ಕಡೆ ಬರುವುದಿಲ್ಲ ಎನ್ನುವ ಸಮಾಧಾನ ಕಿಲ್ಲಾರಿಗೂ ಇತ್ತು. ಆಗಿನ ಅಧಿಕೃತ ನಕಾಶೆಯಲ್ಲಿ ಅದು ಅತ್ಯಂತ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. 2002ರಲ್ಲಿ ಆ ವಲಯವನ್ನೇ ನಕಾಶೆಯಿಂದ ತೆಗೆದುಹಾಕಲಾಯಿತು. ಕಿಲ್ಲಾರಿಯಲ್ಲಿ ಒಂದು ವರ್ಷ ಮೊದಲು, 1992ರ ಆಗಸ್ಟಿನಿಂದ ಅಕ್ಟೋಬರ್‌ವರೆಗೆ ಸಣ್ಣ ಕಂಪನಗಳ ಸರಣಿಯೇ ಆಗಿತ್ತು. 2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲೂಕಿನ ಗಡಿಕೇಶ್ವರದಲ್ಲಿ ಮತ್ತೆ ಮತ್ತೆ ಭೂಮಿ ನಡುಗಿ ಜನ ಮನೆಯೊಳಗೆ ಮಲಗಲು ಹೆದರಿದರು, ಅನೇಕರು ಊರು ಬಿಟ್ಟರು. ಸಣ್ಣ ಕಂಪನಗಳೆಲ್ಲ ದೊಡ್ಡದರ ಮುನ್ಸೂಚನೆಯಲ್ಲ, ಯಾವಾಗ ಎಲ್ಲಿ ಬರುತ್ತದೆಂದು ಯಾವ ವಿಜ್ಞಾನಿಯೂ ಹೇಳಲಾರ. ಆದರೆ ಬಂದರೆ ಗೋಡೆ ಏನು ಮಾಡುತ್ತದೆ ಎಂಬುದನ್ನು ಇವತ್ತೇ ಹೇಳಬಹುದು. ಗಡಿಕೇಶ್ವರದ ಭಯ ಹಳ್ಳಿಹಳ್ಳಿಯ ಗೋಡೆ ಪರೀಕ್ಷೆಗೆ ಕಾರಣವಾಗಬೇಕಿತ್ತು.

ಸರಕಾರವನ್ನು ಕೇಳುವ ಜೊತೆಗೆ ನಮ್ಮನ್ನು ನಾವೂ ಕೇಳಿಕೊಳ್ಳಬೇಕು. ಬೀದರಿನ ಮಹಮೂದ್ ಗವಾನನ ಮದರಸಾವನ್ನು ನಾವು ಹೆಮ್ಮೆಯಿಂದ ತೋರಿಸುತ್ತೇವೆ. 1472ರಲ್ಲಿ ಅದನ್ನು ಕಟ್ಟಿಸಿದ ಗವಾನ್ ಬಂದದ್ದು ಇರಾನಿನ ಗೀಲಾನ್ ಪ್ರಾಂತದಿಂದ. ಅದೇ ಗೀಲಾನಿನ ಸೀಮೆಯಲ್ಲಿ 1990ರ ಜೂನಿನಲ್ಲಿ ಭೂಕಂಪಕ್ಕೆ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಬಲಿಯಾದರು. ವಿದ್ಯೆಗೆ ಮನೆ ಕಟ್ಟಿದವನ ಊರಿನಲ್ಲಿ ಇಂದು ಮನೆ ಕಟ್ಟುವವನಿಗೆ ವಿದ್ಯೆ ಕೊಡುವವರಿಲ್ಲ. ಹಳ್ಳಿಯ ಮಸೀದಿಗೆ ಎತ್ತರದ ಮಿನಾರು, ಗುಡಿಗೆ ಎತ್ತರದ ಗೋಪುರ, ಮಠಕ್ಕೆ ದೊಡ್ಡ ಕಮಾನು ಎಂದು ಚಂದಾ ಎತ್ತುತ್ತೇವೆ. ಹಳೆಯ ಮಣ್ಣುಗಲ್ಲಿನ ಗೋಡೆಯ ಮೇಲೆ ಈ ಭಾರ ಏರುತ್ತದೆ. ಶುಕ್ರವಾರದ ನಮಾಜಿಗೆ, ಸೋಮವಾರದ ಪೂಜೆಗೆ ಜನ ತುಂಬುವುದು ಅದರ ಕೆಳಗೇ. ಒಂದು ಜಮಾತು, ಒಂದು ಮಠ, ಒಂದು ಗುಡಿಯ ಕಮಿಟಿ ಈ ಸಲದ ಚಂದಾದಲ್ಲಿ ಮಿನಾರು ಗೋಪುರ ಬಿಟ್ಟು ಗೋಡೆಗೆ ಪಟ್ಟಿ ಹಾಕಿಸಿದರೆ, ಆ ಕೆಲಸ ನೋಡಲು ಸುತ್ತಿನ ಗೌಂಡಿಗಳನ್ನು ಕರೆದರೆ, ಅದಕ್ಕಿಂತ ದೊಡ್ಡ ತರಬೇತಿ ಶಿಬಿರ ಬೇಕಿಲ್ಲ. ಇಡೀ ಊರು ಸೇರುವ ಜಾಗದಲ್ಲಿ ಆದ ಕೆಲಸವನ್ನು ಊರು ನಂಬುತ್ತದೆ. ಲಾತೂರಿನ ದುರಸ್ತಿ ಕಾರ್ಯಕ್ರಮ ಗಳಿಸಲಾಗದೆ ಹೋದ ನಂಬಿಕೆ ಇದೇ.

ಊರು ಎಂದರೆ ಮನೆಗಳ ಮೊತ್ತವಲ್ಲ. ನಮ್ಮ ಹಳ್ಳಿಗಳಲ್ಲಿ ಆಶೂರಖಾನೆಯ ಮುಂದೆ ಅಲಾಯಿ ಕುಣಿಯಿದೆ. ಮೊಹರಮ್ಮಿಗೆ ಅದರ ಸುತ್ತ ಕುಣಿಯುವವರಲ್ಲಿ ಹಿಂದೂಗಳೇ ಹೆಚ್ಚು. ಕಟ್ಟೆಯಿದೆ, ಕಬರಸ್ತಾನವಿದೆ, ರುದ್ರಭೂಮಿಯಿದೆ, ಎಲ್ಲರೂ ಹರಕೆ ಹೊರುವ ದರ್ಗಾ ಇದೆ. ಚೌಕದ ಪ್ಲಾಟಿನ ನಕಾಶೆ ಬರೆಯುವವನಿಗೆ ಇವು ಕಾಣುವುದಿಲ್ಲ. ಇವುಗಳಿಲ್ಲದ ಜಾಗಕ್ಕೆ ಜನರನ್ನು ಒಯ್ದರೆ ಜೀವ ಉಳಿದಿರುತ್ತದೆ, ಜೊತೆಯಾಗಿ ಬಾಳುವ ರೂಢಿ ಕಳೆದಿರುತ್ತದೆ. ಕೋಮುದ್ವೇಷದ ಈ ದಿನಗಳಲ್ಲಿ ಆ ರೂಢಿಯ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದಲೇ ದುರಂತವಾದ ಮೇಲೆ ಊರನ್ನು ಹೊಸದಾಗಿ ಕಟ್ಟುವುದಕ್ಕಿಂತ ದುರಂತಕ್ಕೆ ಮೊದಲೇ ಇದ್ದ ಊರಿನ ಗೋಡೆಗಳನ್ನು ಹೆಣೆಯುವುದು ಅಗ್ಗ, ಮತ್ತು ಮಾನವೀಯ. ಕಿಲ್ಲಾರಿಯವರಿಗೆ ಆ ಅವಕಾಶ ಸಿಗಲಿಲ್ಲ. ಭಾಲ್ಕಿಗೆ, ಔರಾದಿಗೆ, ಬೀದರಿಗೆ ಅದು ಇನ್ನೂ ಇದೆ.